ಬಾಯಿಮಾತು ಬೇಡ, ಕಾಗದ ಕೇಳಿ

ಕಾನೂನು ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಠಾಣೆ, ಬಂಧನ, ಜಾಮೀನಿಗೆ ಸಂಬಂಧಿಸಿದವು. ಹೆಸರು ಹಾಕಬೇಡಿ ಎಂದು ಬಹುತೇಕರು ಕೋರಿದ್ದಾರೆ. ಹಾಗಾಗಿ ಊರಿನ ಹೆಸರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಉತ್ತರಕ್ಕೆ ಮೊದಲು ಎಲ್ಲರಿಗೂ ಒಂದು ಮಾತು. 2024ರ ಜುಲೈ 1ರಿಂದ ಹಳೆಯ ಮೂರು ಕಾನೂನುಗಳ ಜಾಗಕ್ಕೆ ಹೊಸ ಮೂರು ಬಂದಿವೆ: ಭಾರತೀಯ ನ್ಯಾಯ ಸಂಹಿತೆ (ಯಾವುದು ಅಪರಾಧ, ಅದಕ್ಕೆ ಏನು ಶಿಕ್ಷೆ ಎಂದು ಹೇಳುವುದು), ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ತನಿಖೆ, ಬಂಧನ, ವಿಚಾರಣೆ ಹೇಗೆ ನಡೆಯಬೇಕು ಎಂದು ಹೇಳುವುದು), ಭಾರತೀಯ ಸಾಕ್ಷ್ಯ ಅಧಿನಿಯಮ (ಯಾವುದನ್ನು ಪುರಾವೆ ಎಂದು ಒಪ್ಪಬಹುದು ಎಂದು ಹೇಳುವುದು). ಕಲಂಗಳ ಅಂಕಿಗಳು ಬದಲಾಗಿವೆ. ಆರೋಪಿಯ ಮೂಲ ಹಕ್ಕುಗಳು ಸಂವಿಧಾನದಲ್ಲೇ ಇರುವುದರಿಂದ ಅವು ಎಲ್ಲಿಗೂ ಹೋಗಿಲ್ಲ. ಕೆಳಗೆ ‘ಸುರಕ್ಷಾ ಸಂಹಿತೆ’ ಎಂದು ಬಂದಲ್ಲೆಲ್ಲ ಎರಡನೆಯ ಕಾನೂನು ಎಂದು ತಿಳಿಯಿರಿ.

ಪ್ರಶ್ನೆ: ನನ್ನ ಮಗನಿಗೂ ಪಕ್ಕದ ಹೊಲದವರಿಗೂ ಬದುವಿನ ವಿಷಯಕ್ಕೆ ಹೊಡೆದಾಟವಾಯಿತು. ಅವರು ದೂರು ಕೊಟ್ಟಿದ್ದಾರಂತೆ. ಠಾಣೆಯಿಂದ ಫೋನ್ ಮಾಡಿ ‘ಒಂದ್ಸಲ ಬಂದು ಹೋಗು’ ಎಂದರು. ಹೋದರೆ ಒಳಗೆ ಹಾಕುತ್ತಾರೆ, ನಾಲ್ಕು ದಿನ ಬೇರೆ ಊರಲ್ಲಿರಲಿ ಎಂದು ನೆಂಟರು ಹೇಳುತ್ತಾರೆ. ನನಗೆ 66 ವರ್ಷ. ದೂರಿನಲ್ಲಿ ನನ್ನ ಹೆಸರೂ ಇದೆಯಂತೆ. ಏನು ಮಾಡಲಿ? — ರೈತ, ಅರಸೀಕೆರೆ

ಹಿರಿಯರೇ, ಠಾಣೆಯಿಂದ ಕರೆ ಬಂದಾಗ ಕೈಕಾಲು ಆಡದಂತಾಗುವುದು ಸಹಜ. ನಿಮ್ಮ ನೆಂಟರ ಸಲಹೆಯ ಹಿಂದೆಯೂ ಪ್ರೀತಿಯೇ ಇದೆ. ಆದರೆ ಆ ಸಲಹೆಯಂತೆ ನಡೆದರೆ ನಿಮ್ಮ ಮಗನಿಗೆ ಇರುವ ರಕ್ಷಣೆಯೇ ಕೈತಪ್ಪುತ್ತದೆ.

ದೂರು ದಾಖಲಾದ ಮಾತ್ರಕ್ಕೆ ಬಂಧಿಸಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಅಗತ್ಯ ಎಂದು ಪೊಲೀಸರು ಕಾರಣ ಬರೆದಿಡಬೇಕು, ಯಾಂತ್ರಿಕವಾಗಿ ಬಂಧಿಸಕೂಡದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಸಣ್ಣಪುಟ್ಟ ಗಾಯದ ಹೊಡೆದಾಟಗಳು ಸಾಮಾನ್ಯವಾಗಿ ಈ ಮಿತಿಯ ಒಳಗೇ ಬರುತ್ತವೆ.

ಬಂಧನ ಬೇಡವಾದಲ್ಲಿ ಪೊಲೀಸರು ಸುರಕ್ಷಾ ಸಂಹಿತೆಯ 35(3)ನೇ ಕಲಂ ಪ್ರಕಾರ ಹಾಜರಾತಿ ನೋಟಿಸ್ (ಇಂಥ ದಿನ, ಇಂಥ ಜಾಗಕ್ಕೆ ಬನ್ನಿ ಎಂಬ ಲಿಖಿತ ಸೂಚನೆ) ಕೊಡಬೇಕು. ಇದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ನೋಟಿಸಿನಲ್ಲಿ ಕ್ರೈಂ ನಂಬರ್ ಮತ್ತು ಆರೋಪ ಇರಬೇಕು, ಎಫ್‌ಐಆರ್ (ಪ್ರಥಮ ವರ್ತಮಾನ ವರದಿ) ಪ್ರತಿಯನ್ನೂ ಲಗತ್ತಿಸಬೇಕು ಎಂದು ಕರ್ನಾಟಕ ಹೈಕೋರ್ಟ್ 2024ರಲ್ಲಿ ಹೇಳಿದೆ. ಆದ್ದರಿಂದ ಮತ್ತೆ ಫೋನ್ ಬಂದರೆ ಮಗ ಸಮಾಧಾನವಾಗಿ ‘ನೋಟಿಸ್ ಕೊಡಿ ಸಾರ್, ಹೇಳಿದ ದಿನ ಬರುತ್ತೇನೆ’ ಎನ್ನಲಿ.

ನೋಟಿಸ್ ಬಂದ ಮೇಲೆ ತಪ್ಪದೆ ಹೋಗಬೇಕು. ಹಾಗೆ ಹಾಜರಾಗುತ್ತಿರುವವರೆಗೆ, ಕಾರಣ ಬರೆದಿಡದೆ ಆ ಪ್ರಕರಣದಲ್ಲಿ ಬಂಧಿಸುವಂತಿಲ್ಲ. ನೋಟಿಸಿಗೆ ಬೆಲೆ ಕೊಡದೆ ಊರು ಬಿಟ್ಟರೆ ಬಂಧಿಸಲು ಅದೇ ಕಾರಣವಾಗುತ್ತದೆ. ಹೋಗುವಾಗ ವಕೀಲರನ್ನು ಅಥವಾ ಊರಿನ ತಿಳಿವಳಿಕಸ್ಥರೊಬ್ಬರನ್ನು ಜೊತೆಗೆ ಕರೆದೊಯ್ಯಲಿ. ನೋಟಿಸಿನ ಒಂದು ಪ್ರತಿ ಮನೆಯಲ್ಲಿರಲಿ.

ಇನ್ನು ನಿಮ್ಮ ವಿಷಯ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ, 60 ದಾಟಿದವರನ್ನು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ. ನಿಮ್ಮ ವಯಸ್ಸಿನ ದಾಖಲೆ ಕೈಯಲ್ಲಿರಲಿ.

ಆದರೆ ಎದುರಿನವರಿಗೆ ಮೂಳೆ ಮುರಿದಿದ್ದರೆ, ಮಚ್ಚು ಕುಡುಗೋಲಿನ ಮಾತು ದೂರಿನಲ್ಲಿದ್ದರೆ ಕಲಂಗಳು ಬಿಗಿಯಾಗುತ್ತವೆ. ಆಗ ತಡಮಾಡದೆ ವಕೀಲರ ಮೂಲಕ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನಿಗೆ (ಬಂಧನದ ಭಯವಿದ್ದಾಗ ಮುಂಚಿತವಾಗಿ ಪಡೆಯುವ ಜಾಮೀನು) ಅರ್ಜಿ ಹಾಕಿ. ನಿಮ್ಮ ಮಗನಿಗೂ ಪೆಟ್ಟಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಗಾಯದ ದಾಖಲೆ ಮಾಡಿಸಿ, ನಡೆದದ್ದನ್ನು ನಡೆದಷ್ಟೇ ಬರೆದು ದೂರು ಕೊಡಿ. ಮುಂದೆ ರಾಜಿಯಾಗುವ ಮನಸ್ಸಿದ್ದರೆ ಅದು ಠಾಣೆಯ ಬೆಂಚಿನ ಮೇಲೆ ಮುಗಿಯದಿರಲಿ. ಕೋರ್ಟಿನಲ್ಲಿ ದಾಖಲಾದರಷ್ಟೇ ಕೇಸು ನಿಜವಾಗಿ ಮುಗಿದಂತೆ.

ಪ್ರಶ್ನೆ: ಪಂಪ್‌ಸೆಟ್ ಕೇಬಲ್ ಕಳವಿನ ಅನುಮಾನದ ಮೇಲೆ ನನ್ನ ಮಗನನ್ನು ರಾತ್ರಿ ಹತ್ತಕ್ಕೆ ಕರೆದೊಯ್ದರು. ಎಲ್ಲಿಗೆ ಎಂದು ಹೇಳಲಿಲ್ಲ. ಎರಡು ಠಾಣೆ ಸುತ್ತಿದೆ, ‘ನಮ್ಮಲ್ಲಿಲ್ಲ’ ಎಂದರು. ಮೂರನೆಯ ದಿನ ಕೈಕೋಳ ಹಾಕಿ ಕೋರ್ಟಿಗೆ ತಂದರು. ಊರೆಲ್ಲ ನೋಡಿತು. ಈಗ ಜೈಲಿನಲ್ಲಿದ್ದಾನೆ. ಇದೆಲ್ಲ ಸರಿಯೇ? — ಒಬ್ಬ ತಾಯಿ, ರಾಣೆಬೆನ್ನೂರು

ಅಮ್ಮ, ಮಗ ಎಲ್ಲಿದ್ದಾನೆಂದು ತಿಳಿಯದೆ ಕಳೆದ ಆ ಎರಡು ರಾತ್ರಿಗಳ ಸಂಕಟ ನಿಮಗೇ ಗೊತ್ತು. ನಿಮ್ಮ ಪ್ರಶ್ನೆಗೆ ನೇರ ಉತ್ತರ: ನೀವು ಬರೆದಂತೆಯೇ ನಡೆದಿದ್ದರೆ ಸರಿಯಲ್ಲ. ಅದನ್ನು ಈಗಲೂ ನ್ಯಾಯಾಧೀಶರ ಗಮನಕ್ಕೆ ತರಬಹುದು.

ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿ. ಭಾನುವಾರ, ಹಬ್ಬ, ಕೋರ್ಟಿಗೆ ರಜೆ ಎಂಬ ನೆಪ ನಡೆಯುವುದಿಲ್ಲ. ಅಂಥ ದಿನ ನ್ಯಾಯಾಧೀಶರ ಮನೆಗೇ ಕರೆದೊಯ್ಯುವ ರೂಢಿಯಿದೆ. ‘ವಿಚಾರಣೆಗೆ ಕೂರಿಸಿಕೊಂಡಿದ್ದೆವು, ಬಂಧಿಸಿರಲಿಲ್ಲ’ ಎಂದು ಕೆಲವೊಮ್ಮೆ ಹೇಳುತ್ತಾರೆ. ಎದ್ದು ಮನೆಗೆ ಹೋಗಲು ಬಿಡಲಿಲ್ಲವೆಂದರೆ ಅದು ಬಂಧನವೇ ಎಂದು ನಿಮ್ಮ ವಕೀಲರು ವಾದಿಸಬಹುದು.

ಬಂಧನದ ಹೊತ್ತಿಗೆ ಮೂರು ಕಾಗದಗಳು ಹುಟ್ಟಬೇಕು. ಒಂದು, ಬಂಧನ ಪತ್ರ. ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಬೇಕು, ಬಂಧಿತನ ಸಹಿಯೂ ಬೇಕು. ಎರಡು, ಬಂಧನದ ಕಾರಣ. ಅದನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು, ತಡವೆಂದರೂ ರಿಮ್ಯಾಂಡಿಗೆ (ನ್ಯಾಯಾಧೀಶರ ಮುಂದೆ ನಿಲ್ಲಿಸಿ ಕಸ್ಟಡಿ ಕೇಳುವುದಕ್ಕೆ) ಎರಡು ಗಂಟೆ ಮೊದಲಾದರೂ ಕೊಟ್ಟಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿತು. ಮೂರು, ಸರ್ಕಾರಿ ವೈದ್ಯರ ತಪಾಸಣೆ ವರದಿ. ಅದರ ಪ್ರತಿ ಬಂಧಿತನಿಗೆ ಸಿಗಬೇಕು. ಇದಲ್ಲದೆ ಬಂಧನದ ವಿಷಯವನ್ನು, ಎಲ್ಲಿಟ್ಟಿದ್ದಾರೆ ಎಂಬುದನ್ನು ಆತ ಹೇಳಿದ ನೆಂಟರಿಗೋ ಸ್ನೇಹಿತರಿಗೋ ಪೊಲೀಸರೇ ತಿಳಿಸಬೇಕು.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಬಂಧಿತರ ಹೆಸರು, ವಿಳಾಸ, ಆರೋಪದ ವಿವರ ಇಡಲು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಒಬ್ಬ ಅಧಿಕಾರಿ ಇರಬೇಕು, ಆ ಪಟ್ಟಿ ಜನರಿಗೆ ಕಾಣುವಂತಿರಬೇಕು. ಠಾಣೆಯಲ್ಲಿ ‘ಇಲ್ಲಿಲ್ಲ’ ಎಂದರೆ ಜಿಲ್ಲಾ ಪೊಲೀಸ್ ಕಂಟ್ರೋಲ್ ರೂಂನಲ್ಲಿ ವಿಚಾರಿಸಬೇಕು. ಅಲ್ಲೂ ಸುಳಿವು ಸಿಗದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ವ್ಯಕ್ತಿಯನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂಬ ಕೋರಿಕೆ) ಹಾಕಬಹುದು. ನಮ್ಮ ಹೈಕೋರ್ಟಿನ ಪೀಠ ಧಾರವಾಡದಲ್ಲೇ ಇದೆ, ನಿಮಗೆ ದೂರವಲ್ಲ.

ಕೈಕೋಳ ಎಲ್ಲರಿಗೂ ಹಾಕುವ ವಸ್ತುವಲ್ಲ. ಪದೇ ಪದೇ ಅಪರಾಧ ಮಾಡುವವರು, ಕಸ್ಟಡಿಯಿಂದ ತಪ್ಪಿಸಿಕೊಂಡವರು, ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ಗಂಭೀರ ಆರೋಪದವರು ಹೀಗೆ ಕೆಲವರಿಗಷ್ಟೇ ಹೊಸ ಕಾನೂನು ಅವಕಾಶ ಕೊಟ್ಟಿದೆ. 2022ರಲ್ಲಿ ಇದೇ ಧಾರವಾಡ ಪೀಠ ಅಕಾರಣವಾಗಿ ಕೈಕೋಳ ಹಾಕಿಸಿಕೊಂಡ ಕಾನೂನು ವಿದ್ಯಾರ್ಥಿಯೊಬ್ಬರಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿದೆ.

ಈಗ ನೀವು ಮಾಡಬೇಕಾದದ್ದು ಇಷ್ಟು. ಕರೆದೊಯ್ದ ದಿನ, ಹೊತ್ತು, ನೋಡಿದವರ ಹೆಸರು, ನೀವು ಸುತ್ತಿದ ಠಾಣೆಗಳು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಮನೆಯ ಬಳಿ ಅಂಗಡಿಯಲ್ಲಿ ಸಿಸಿಟಿವಿ ಇದ್ದರೆ ದೃಶ್ಯ ಅಳಿಯುವ ಮೊದಲೇ ಕೇಳಿ. ರಿಮ್ಯಾಂಡ್ ಅರ್ಜಿ, ಬಂಧನ ಪತ್ರ, ಆದೇಶದ ನಕಲುಗಳನ್ನು ವಕೀಲರು ಕೋರ್ಟಿನಿಂದ ಪಡೆಯಲಿ. ಬಂಧನದ ಕಾರಣವನ್ನು ಬರೆದು ಕೊಟ್ಟಿಲ್ಲವೆಂದು ದಾಖಲೆಯಲ್ಲೇ ಕಂಡರೆ ಬಿಡುಗಡೆ ಕೇಳಲು ಅದೊಂದೇ ಗಟ್ಟಿ ಆಧಾರವಾಗಬಲ್ಲದು. ಮಗನನ್ನು ಮುಂದಿನ ಸಲ ನ್ಯಾಯಾಧೀಶರ ಮುಂದೆ ನಿಲ್ಲಿಸಿದಾಗ, ಹೊಡೆದಿದ್ದರೆ ಹೊಡೆದಿದ್ದಾರೆ ಎಂದು ಆತನೇ ಬಾಯಿಬಿಟ್ಟು ಹೇಳಲಿ, ಅದನ್ನು ಬರೆದುಕೊಳ್ಳುವಂತೆ ವಕೀಲರು ಕೋರಲಿ.

ಪ್ರಶ್ನೆ: ನಾನು ಆಟೊ ಓಡಿಸುತ್ತೇನೆ. ಪ್ರಯಾಣಿಕರ ಒಡವೆ ಕಾಣೆಯಾದ ಕೇಸಿನಲ್ಲಿ ಠಾಣೆಗೆ ಕರೆಸಿ, ‘ಒಪ್ಪಿಕೊಂಡರೆ ಬಿಡುತ್ತೇವೆ’ ಎಂದು ಗದರಿಸಿ, ಎರಡೇಟು ಹೊಡೆದು ಮೂರು ಹಾಳೆಗೆ ಸಹಿ ಹಾಕಿಸಿಕೊಂಡರು. ಒಂದು ಖಾಲಿ ಹಾಳೆ. ನಾನು ತೆಗೆದಿಲ್ಲ. ಈಗ ನನ್ನ ಕಥೆ ಮುಗಿಯಿತೇ? — ಆಟೊ ಚಾಲಕ, ತುಮಕೂರು

ಮುಗಿದಿಲ್ಲ. ನೀವು ಹೆದರಿ ಸಹಿ ಹಾಕಿದ್ದೀರಿ. ಏಟಿಗೆ ಹೆದರುವುದು ಮನುಷ್ಯ ಸಹಜ. ಜನ ಹೀಗೆ ಹೆದರಬಹುದು ಎಂಬುದು ಕಾನೂನಿಗೂ ಗೊತ್ತು. ಆದ್ದರಿಂದಲೇ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹೇಳುತ್ತದೆ. ಹಳೆಯ ಕಾನೂನಿನಲ್ಲೂ ಈ ನಿಯಮವಿತ್ತು. ತನಿಖೆಯ ವೇಳೆ ಪೊಲೀಸರು ಬರೆದುಕೊಂಡ ಹೇಳಿಕೆಗೆ ಹೇಳಿದವರ ಸಹಿ ಪಡೆಯಕೂಡದು ಎಂದೂ ಸುರಕ್ಷಾ ಸಂಹಿತೆಯ 181ನೇ ಕಲಂ ಹೇಳುತ್ತದೆ.

ಆದರೆ ಇದಕ್ಕೊಂದು ಒಳದಾರಿ ಇದೆ, ಅದು ನಿಮಗೆ ತಿಳಿದಿರಲಿ. ಕಸ್ಟಡಿಯಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ವಸ್ತುವೊಂದು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು ಮಾತ್ರ ಕೋರ್ಟು ಪುರಾವೆಯಾಗಿ ನೋಡಬಹುದು. ಹೀಗಾಗಿ ಖಾಲಿ ಹಾಳೆಯ ಸಹಿ ಮುಂದೆ ಮಹಜರಿಗೆ (ಪಂಚರ ಎದುರು ಸ್ಥಳದಲ್ಲಿ ಬರೆಯುವ ವರದಿ) ಬಳಕೆಯಾಗದಂತೆ ಈಗಲೇ ಎಚ್ಚರ ವಹಿಸಬೇಕು.

ಇಂದೇ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಪಡೆಯಿರಿ. ನಡೆದದ್ದನ್ನು ದಿನಾಂಕ, ಸಮಯ ಸಹಿತ ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಶೀದಿ ಇಟ್ಟುಕೊಳ್ಳಿ. ಖಾಲಿ ಹಾಳೆಗೆ ಸಹಿ ಪಡೆದದ್ದನ್ನು ಅದರಲ್ಲಿ ಮರೆಯದೆ ಬರೆಯಿರಿ. ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು ಉಳಿಸಿಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಆ ದಿನದ ದೃಶ್ಯವನ್ನು ಕಾಯ್ದಿರಿಸಿ ಎಂದು ಅದೇ ಪತ್ರದಲ್ಲಿ ಕೋರಿ.

ಮತ್ತೆ ಕರೆಸಿದರೆ ಹೆಸರು, ವಿಳಾಸ, ಕೆಲಸವನ್ನು ಸರಿಯಾಗಿ ಹೇಳಿ. ನಿಮ್ಮನ್ನೇ ಅಪರಾಧದಲ್ಲಿ ಸಿಕ್ಕಿಸುವ ಪ್ರಶ್ನೆಗೆ ಉತ್ತರಿಸದಿರುವ ಹಕ್ಕನ್ನು ಸಂವಿಧಾನದ 20(3)ನೇ ವಿಧಿ ಕೊಟ್ಟಿದೆ. ಬಂಧಿಸಿ ವಿಚಾರಿಸುವಾಗ ಇಡೀ ಹೊತ್ತು ಅಲ್ಲದಿದ್ದರೂ ನಡುನಡುವೆ ವಕೀಲರನ್ನು ಕಾಣುವ ಹಕ್ಕೂ ಇದೆ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗಳನ್ನು ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿದ ‘ಸೆಲ್ವಿ’ ಪ್ರಕರಣ ನಮ್ಮ ಕರ್ನಾಟಕದಿಂದಲೇ ಹೋದದ್ದು.

ನ್ಯಾಯಾಧೀಶರ ಮುಂದೆ ತಪ್ಪೊಪ್ಪಿಗೆ ಕೊಡಿಸುತ್ತೇವೆ ಎಂದು ಕರೆದೊಯ್ದರೆ ಅದು ಬೇರೆ ವಿಷಯ, ಅದಕ್ಕೆ ಬೆಲೆ ಇದೆ. ಆದರೆ ನೀವು ಹೇಳಲೇಬೇಕಿಲ್ಲ ಎಂದು ನ್ಯಾಯಾಧೀಶರೇ ಮೊದಲು ತಿಳಿಸಬೇಕು. ‘ನನಗೆ ಇಷ್ಟವಿಲ್ಲ’ ಎಂದು ನೀವು ಅಲ್ಲಿ ಹೇಳಿದರೆ, ಆ ಕಾರಣಕ್ಕೆ ನಿಮ್ಮನ್ನು ಪೊಲೀಸ್ ಕಸ್ಟಡಿಗೆ ಕೊಡುವಂತಿಲ್ಲ.

ಪ್ರಶ್ನೆ: ನಮ್ಮ ಬೀದಿಯ ಗಲಾಟೆಯನ್ನು ನಾನು ನೋಡಿದ್ದೆ. ಸಾಕ್ಷಿ ಹೇಳಿಕೆಗೆ ರಾತ್ರಿ ಎಂಟಕ್ಕೆ ಠಾಣೆಗೆ ಬನ್ನಿ ಎನ್ನುತ್ತಾರೆ. ಹೋಗದಿದ್ದರೆ ನನ್ನ ಮೇಲೇ ಕೇಸು ಹಾಕುತ್ತಾರೆಯೇ? — ಗೃಹಿಣಿ, ಶಿವಮೊಗ್ಗ

ಸಾಕ್ಷಿ ಹೇಳುವುದು ಒಳ್ಳೆಯ ಕೆಲಸ, ನಿಮ್ಮ ಅಳುಕಿನಿಂದ ಅದು ನಿಲ್ಲದಿರಲಿ. ಆದರೆ ರಾತ್ರಿಯಷ್ಟೇ ಅಲ್ಲ, ಹಗಲಿನಲ್ಲೂ ನೀವು ಠಾಣೆಗೆ ಹೋಗಬೇಕಾಗಿಲ್ಲ. ಮಹಿಳೆಯರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವೈಕಲ್ಯ ಉಳ್ಳವರು, ತೀವ್ರ ಕಾಯಿಲೆಯವರು, ಇವರನ್ನು ಸಾಕ್ಷಿಯಾಗಿ ವಿಚಾರಿಸಬೇಕಾದರೆ ಅವರಿರುವ ಮನೆಗೇ ಬರಬೇಕು ಎಂದು ಸುರಕ್ಷಾ ಸಂಹಿತೆಯ 179ನೇ ಕಲಂ ಹೇಳುತ್ತದೆ. ‘ನಾಳೆ ಬೆಳಿಗ್ಗೆ ಮನೆಗೆ ಬನ್ನಿ, ಗೊತ್ತಿದ್ದಷ್ಟು ಹೇಳುತ್ತೇನೆ’ ಎಂದು ತಿಳಿಸಿ. ನೀವಾಗಿಯೇ ಠಾಣೆಗೆ ಹೋಗಲು ಒಪ್ಪಿದರೆ ಅದಕ್ಕೂ ಅಡ್ಡಿಯಿಲ್ಲ.

ಆರೋಪಿ ಮಹಿಳೆಯೇ ಆಗಿದ್ದರೂ ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ಬಂಧಿಸುವಂತಿಲ್ಲ. ತೀರ ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು.

ಪ್ರಶ್ನೆ: ನನ್ನ ತಮ್ಮ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ. ಕಟ್ಟಡದ ಕಬ್ಬಿಣ ಕಳವಿನ ಕೇಸಿನಲ್ಲಿ ಪರಪ್ಪನ ಅಗ್ರಹಾರದಲ್ಲಿದ್ದಾನೆ. ಜಾಮೀನು ಸಿಕ್ಕಿ ಮೂರು ವಾರವಾಯಿತು. ಒಂದು ಲಕ್ಷದ ಬಾಂಡ್, ಇಬ್ಬರು ಸ್ಥಳೀಯ ಜಾಮೀನುದಾರರು ಬೇಕಂತೆ. ನಮಗೆ ಬೆಂಗಳೂರಿನಲ್ಲಿ ಯಾರಿದ್ದಾರೆ? ಕೋರ್ಟಿನ ಹೊರಗೆ ಒಬ್ಬ ಹದಿನೈದು ಸಾವಿರ ಕೊಟ್ಟರೆ ಜನ ಕೊಡಿಸುತ್ತೇನೆ ಎನ್ನುತ್ತಾನೆ. — ಕೂಲಿ ಕಾರ್ಮಿಕೆ, ಯಾದಗಿರಿ

ತಂಗಿ, ಬಾಗಿಲು ತೆರೆದ ಮೇಲೂ ತಮ್ಮ ಒಳಗೇ ಉಳಿದಿರುವುದು ಯಾರಿಗಾದರೂ ಹೊಟ್ಟೆ ಉರಿಸುವ ಸಂಗತಿ. ಮೊದಲು ಸಮಾಧಾನದ ಮಾತು: ಕೋರ್ಟು ಜಾಮೀನು ಕೊಟ್ಟಾಗಿದೆ. ಉಳಿದಿರುವುದು ಷರತ್ತು ಮಾತ್ರ, ಷರತ್ತನ್ನು ಸಡಿಲಿಸಲು ಕೇಳಬಹುದು.

ಎರಡನೆಯದು ಎಚ್ಚರಿಕೆಯ ಮಾತು. ಹೊರಗಿನ ಆ ಮನುಷ್ಯನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬೇರೆಯವರ ಪಹಣಿ, ನಕಲಿ ಆಧಾರ್ ಇಟ್ಟು ನಿಲ್ಲುವ ಬಾಡಿಗೆ ಜಾಮೀನುದಾರರು ಸಿಕ್ಕಿಬಿದ್ದರೆ ತಮ್ಮನ ಜಾಮೀನು ರದ್ದಾಗಬಹುದು, ನಿಮ್ಮ ಮೇಲೂ ಹೊಸ ಕೇಸು ಬರಬಹುದು.

ನಿಮ್ಮ ತಮ್ಮನಂಥದೇ ಪ್ರಕರಣವೊಂದು 1978ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಜಾಮೀನು ಸಿಕ್ಕಿತ್ತು. ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನುದಾರರನ್ನು ಕೇಳಿದರು. ಅಣ್ಣತಮ್ಮಂದಿರಲ್ಲಿ ಒಬ್ಬ ನಿಲ್ಲಲು ಬಂದರೆ, ಆತನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಈ ಎರಡನ್ನೂ ತಪ್ಪೆಂದಿತು. ಬಡವನಿಗೆ ಹೊರಲಾಗದ ಮೊತ್ತ ಹೇರಬಾರದು, ಬೇರೆ ಜಿಲ್ಲೆಯವರೆಂಬ ಕಾರಣಕ್ಕೆ ಜಾಮೀನುದಾರರನ್ನು ತಳ್ಳಿಹಾಕಬಾರದು ಎಂದಿತು. ಅಂದರೆ ಯಾದಗಿರಿಯ ನಿಮ್ಮ ನೆಂಟರೊಬ್ಬರ ಪಹಣಿಯನ್ನು ಬೆಂಗಳೂರಿನ ಕೋರ್ಟಿನ ಮುಂದಿಟ್ಟು ಕೇಳಲು ನಿಮಗೆ ಗಟ್ಟಿ ಆಧಾರವಿದೆ.

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ ಕೆಲವು ಸೂಚನೆ ಕೊಟ್ಟಿತು. ಜಾಮೀನು ಸಿಕ್ಕಿ ಏಳು ದಿನವಾದರೂ ಕೈದಿ ಹೊರಬರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಒದಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವ ವಿಚಾರ ಮಾಡಬಹುದು. ಬಿಡುಗಡೆ ತಡವಾಗಲು ಸ್ಥಳೀಯ ಜಾಮೀನುದಾರರ ಷರತ್ತೂ ಒಂದು ಕಾರಣವೆಂದು ಅದು ಗುರುತಿಸಿದೆ.

ಕಸ್ಟಡಿಯಲ್ಲಿರುವ ಯಾರಿಗಾದರೂ, ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಇದನ್ನು ಕೊಟ್ಟಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಕ್ಕಳಿಗೂ ಆದಾಯದ ಮಿತಿ ಇಲ್ಲ. 15100ಕ್ಕೆ ಕರೆ ಮಾಡಿ, ಅಥವಾ ಯಾದಗಿರಿಯ ಕೋರ್ಟಿನ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೇ ಹೋಗಿ ತಮ್ಮನ ಹೆಸರು, ಕ್ರೈಂ ನಂಬರ್, ಜೈಲಿನ ಹೆಸರು ಕೊಡಿ. ಷರತ್ತು ಸಡಿಲಿಕೆಗೆ, ಇಬ್ಬರ ಬದಲು ಒಬ್ಬರನ್ನು ಒಪ್ಪಲು, ಅಥವಾ ಸಣ್ಣ ಮೊತ್ತದ ನಗದು ಠೇವಣಿಗೆ ಅವಕಾಶ ಕೊಡಲು ಅವರು ಅರ್ಜಿ ಹಾಕಬಲ್ಲರು.

ಜಾಮೀನೇ ಸಿಗದೆ ಒಳಗಿರುವವರ ಮನೆಯವರಿಗೂ ಎರಡು ಮಾತು. ಮೊದಲ ರಿಮ್ಯಾಂಡಿನ ದಿನದಿಂದ 60 ದಿನದಲ್ಲಿ (ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆ, ಜೀವಾವಧಿ, ಮರಣದಂಡನೆಯ ಅಪರಾಧವಾದರೆ 90 ದಿನದಲ್ಲಿ) ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ಪಟ್ಟಿ ಬರುವ ಮೊದಲೇ ಅದನ್ನು ಕೇಳಬೇಕು, ಒಂದು ದಿನ ತಡವಾದರೂ ಹಕ್ಕು ಕೈತಪ್ಪಬಹುದು. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವರು ತಮ್ಮ ಮೇಲಿನ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು, ಉಳಿದವರು ಅರ್ಧವನ್ನು ವಿಚಾರಣಾಧೀನ ಕೈದಿಯಾಗಿಯೇ (ತೀರ್ಪು ಬರುವ ಮೊದಲೇ ಜೈಲಿನಲ್ಲಿರುವವರು) ಕಳೆದಿದ್ದರೆ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ ಬಿಡುಗಡೆ ಕೇಳಬಹುದು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೂ ಒಂದಕ್ಕಿಂತ ಹೆಚ್ಚು ಕೇಸುಗಳಿರುವವರಿಗೂ ಇದು ಅನ್ವಯಿಸುವುದಿಲ್ಲ.

ಪ್ರಶ್ನೆ: ವಿಡಿಯೊ ಕರೆಯಲ್ಲಿ ಸಮವಸ್ತ್ರದವರೊಬ್ಬರು ಬಂದು, ನನ್ನ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ನೀವು ‘ಡಿಜಿಟಲ್ ಅರೆಸ್ಟ್’ನಲ್ಲಿದ್ದೀರಿ, ಯಾರಿಗೂ ಹೇಳಬೇಡಿ ಎಂದರು. ಕರೆ ಕಡಿತಗೊಳಿಸಿದೆ. ಅಂದಿನಿಂದ ನಿದ್ದೆಯಿಲ್ಲ. — ನಿವೃತ್ತ ಶಿಕ್ಷಕರು, ಮೈಸೂರು

ಮೇಷ್ಟ್ರೇ, ಕಡಿತಗೊಳಿಸಿದ್ದು ಅತ್ಯಂತ ಸರಿ. ನೆಮ್ಮದಿಯಾಗಿ ಮಲಗಿ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಬಂಧಿಸಬೇಕೆಂದರೆ ಅಧಿಕಾರಿ ನಿಮ್ಮ ಎದುರಿಗೇ ಬಂದು ನಿಲ್ಲಬೇಕು, ಹೆಸರಿನ ಫಲಕ ಧರಿಸಿರಬೇಕು, ಬಂಧನ ಪತ್ರ ಬರೆಯಬೇಕು. ಕ್ಯಾಮೆರಾದ ಮೂಲಕ ಯಾರನ್ನೂ ಬಂಧಿಸಲಾಗದು. ‘ಯಾರಿಗೂ ಹೇಳಬೇಡಿ’ ಎಂದದ್ದೇ ಮೋಸದ ಗುರುತು. ನಿಜವಾದ ಬಂಧನದಲ್ಲಿ ನಿಮ್ಮ ಮನೆಯವರಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ತನಿಖೆಗೆಂದು ನಿಮ್ಮ ಹಣವನ್ನು ಬೇರೆ ಖಾತೆಗೆ ಹಾಕಿ ಎಂದು ಯಾವ ಪೊಲೀಸರೂ, ಯಾವ ಕೋರ್ಟೂ ಕೇಳುವುದಿಲ್ಲ.

ಆ ನಂಬರನ್ನು ಬರೆದಿಟ್ಟು, 1930 ಸಹಾಯವಾಣಿಗೆ ದೂರು ಕೊಡಿ. ಹಣ ಕಳೆದುಕೊಂಡವರು ನಾಚಿಕೆಪಡದೆ ತಕ್ಷಣ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು.

ಪ್ರಶ್ನೆ: ಹೊಸತೊಡಕಿನ ದಿನ ಅರಳಿಕಟ್ಟೆಯಲ್ಲಿ ಇಸ್ಪೀಟ್ ಆಡುತ್ತಿದ್ದವರ ಮೇಲೆ ದಾಳಿಯಾಯಿತು. ನೋಡುತ್ತ ನಿಂತಿದ್ದ ನನ್ನ ಹೆಸರೂ ಸೇರಿತು. ‘ತಪ್ಪಾಯ್ತು ಅಂತ ಒಪ್ಕೊಂಡು ದಂಡ ಕಟ್ಟಿ, ಇವತ್ತೇ ಮುಗಿಯುತ್ತೆ’ ಎನ್ನುತ್ತಾರೆ ಎಲ್ಲರೂ. ನಾನು ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದೇನೆ. — ಪದವೀಧರ, ಮದ್ದೂರು

ಕೋರ್ಟಿಗೆ ಅಲೆಯುವ ಕಷ್ಟ ನೋಡಿದವರು ಕೊಟ್ಟ ಸಲಹೆ ಇದು, ಅವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ದಂಡದ ರಶೀದಿಯ ಜೊತೆಗೆ ನಿಮ್ಮ ಹೆಸರಿಗೆ ಇನ್ನೊಂದೂ ಅಂಟುತ್ತದೆ: ‘ಅಪರಾಧ ಸಾಬೀತಾಗಿದೆ’ ಎಂಬ ತೀರ್ಪು. ತಾನೇ ಒಪ್ಪಿಕೊಂಡ ಮೇಲೆ ಆ ತೀರ್ಮಾನದ ವಿರುದ್ಧ ಮೇಲ್ಮನವಿಗೂ ದಾರಿ ಬಹುತೇಕ ಮುಚ್ಚಿರುತ್ತದೆ. ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯನ್ನಷ್ಟೇ ಪ್ರಶ್ನಿಸಬಹುದು.

ನೀವು ಆಡಿಲ್ಲವೆಂದರೆ ಒಪ್ಪಿಕೊಳ್ಳಬೇಡಿ. ನೀವು ಆಡುತ್ತಿದ್ದಿರಿ ಎಂದು ತೋರಿಸುವ ಹೊಣೆ ಸರ್ಕಾರದ್ದು, ಆಡಿಲ್ಲವೆಂದು ತೋರಿಸುವ ಹೊಣೆ ನಿಮ್ಮದಲ್ಲ. ಮಹಜರಿನಲ್ಲಿ ನಿಮ್ಮ ಬಳಿ ಎಲೆ ಅಥವಾ ಪಣದ ಹಣ ಸಿಕ್ಕಿತೆಂದು ಬರೆದಿದೆಯೇ, ಪಂಚರು ಯಾರು, ಇವನ್ನು ವಕೀಲರು ನೋಡಲಿ. ವಾಯಿದೆ (ಕೋರ್ಟು ಕೊಟ್ಟ ದಿನ) ತಪ್ಪಿಸಬೇಡಿ. ಸಣ್ಣ ಕೇಸಿನಲ್ಲೂ ಗೈರಾದರೆ ವಾರಂಟ್ ಬರುತ್ತದೆ.

ನಿಜವಾಗಿ ಆಡಿದ್ದರೂ ಒಪ್ಪುವ ಮೊದಲು ವಕೀಲರೊಂದಿಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ (ಶಿಕ್ಷೆಯ ಬದಲು ಎಚ್ಚರಿಕೆ ಕೊಟ್ಟು ಅಥವಾ ಸನ್ನಡತೆಯ ಮುಚ್ಚಳಿಕೆ ಪಡೆದು ಬಿಡುವ ಕಾನೂನು) ಬಗ್ಗೆ ಮಾತನಾಡಿ. ಅದರಡಿ ಬಿಡುಗಡೆಯಾದವರಿಗೆ, ಅಪರಾಧ ಸಾಬೀತಾದ ಕಾರಣಕ್ಕೆ ಅಂಟಿಕೊಳ್ಳುವ ಅನರ್ಹತೆ ತಟ್ಟಬಾರದು ಎಂದು ಅದರ 12ನೇ ಕಲಂ ಹೇಳುತ್ತದೆ.

ಏನೇ ಆದರೂ ನೌಕರಿಯ ದೃಢೀಕರಣ ನಮೂನೆಯಲ್ಲಿ ಕೇಳಿದ್ದಕ್ಕೆ ಸತ್ಯವನ್ನೇ ಬರೆಯಿರಿ. ಕೇಸಿದ್ದದ್ದಕ್ಕಿಂತ ಅದನ್ನು ಮುಚ್ಚಿಟ್ಟದ್ದರಿಂದ ಕೆಲಸ ಕಳೆದುಕೊಂಡವರೇ ಕಣ್ಣಿಗೆ ಬೀಳುತ್ತಾರೆ. ಸಣ್ಣ ಪ್ರಕರಣಗಳನ್ನು, ಅಭ್ಯರ್ಥಿಯ ಹಿನ್ನೆಲೆ ನೋಡಿ, ನೇಮಕ ಮಾಡುವವರು ಮನ್ನಿಸಬಹುದು ಎಂದು ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಖುಲಾಸೆಯಾದರೆ ತೀರ್ಪಿನ ದೃಢೀಕೃತ ನಕಲನ್ನು ಅಂದೇ ಅರ್ಜಿ ಹಾಕಿ ಪಡೆದು ಜೋಪಾನವಾಗಿಡಿ.

ಪ್ರಶ್ನೆ: ನನ್ನ ಮಗಳು ಕಾನೂನು ಓದುತ್ತಿದ್ದಾಳೆ, ಕ್ರಿಮಿನಲ್ ಕೇಸುಗಳಲ್ಲಿ ಆರೋಪಿಗಳ ಪರ ವಾದಿಸುತ್ತೇನೆ ಎನ್ನುತ್ತಾಳೆ. ಕಳ್ಳರು, ಕೊಲೆಗಾರರನ್ನು ಬಿಡಿಸುವ ಕೆಲಸ ಎಂದು ಮನೆಯಲ್ಲಿ ಎಲ್ಲರಿಗೂ ಬೇಸರ. ನನಗೂ ಅಳುಕು. ಅನ್ಯಾಯಕ್ಕೊಳಗಾದವರ ಶಾಪ ತಟ್ಟದೇ? — ಒಬ್ಬ ತಾಯಿ, ಪುತ್ತೂರು

ಅಮ್ಮ, ನೊಂದವರನ್ನು ನೆನೆದು ನಿಮಗೆ ಅಳುಕಾಗುತ್ತಿದೆ. ಅದು ನಿಮ್ಮ ಅಂತಃಕರಣದ ಲಕ್ಷಣ, ಅದನ್ನು ಬಿಟ್ಟುಕೊಡಬೇಡಿ. ಆ ನೊಂದವರ ಕಡೆಯಿಂದಲೇ ಯೋಚಿಸೋಣ.

ಕೊಡಗಿನ ಕೂಲಿಕಾರನೊಬ್ಬ ಹೆಂಡತಿಯನ್ನು ಕೊಂದನೆಂಬ ಆರೋಪದ ಮೇಲೆ ಜೈಲು ಸೇರಿದ್ದ. ಸಿಕ್ಕಿದ ಅಸ್ಥಿಪಂಜರ ಆಕೆಯದೇ ಎಂದು ದೋಷಾರೋಪ ಪಟ್ಟಿಯೂ ಆಗಿತ್ತು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿಕೊಂಡಳು. ಆತನ ವಕೀಲರು ವಿಷಯವನ್ನು ಕೋರ್ಟಿನ ಮುಂದಿಟ್ಟರು, ಮೈಸೂರಿನ ಸೆಷನ್ಸ್ ಕೋರ್ಟು ಆತನನ್ನು ಖುಲಾಸೆ ಮಾಡಿತು. ಇಲ್ಲಿ ಅನ್ಯಾಯವಾದದ್ದು ಆತನೊಬ್ಬನಿಗೇ ಅಲ್ಲ. ಆ ಮೂಳೆಗಳು ಯಾರವೋ, ಅವರ ಮನೆಯವರಿಗೂ ಅನ್ಯಾಯವಾಯಿತು. ತಪ್ಪು ಮನುಷ್ಯನನ್ನು ಹಿಡಿದ ದಿನವೇ ನಿಜ ಹುಡುಕುವುದು ನಿಂತಿತ್ತು.

ಇನ್ನೊಂದು ಪ್ರಕರಣ ಮಹಾರಾಷ್ಟ್ರದ್ದು. 2003ರ ಕೃತ್ಯವೊಂದರಲ್ಲಿ ಆರು ಮಂದಿಗೆ ಮರಣದಂಡನೆಯಾಗಿ, 2009ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿತ್ತು. 2019ರಲ್ಲಿ ಅದೇ ಕೋರ್ಟು ಪ್ರಕರಣವನ್ನು ಮತ್ತೆ ಕೇಳಿ ಆರೂ ಜನರನ್ನು ಬಿಡುಗಡೆ ಮಾಡಿತು. ತಲಾ 5 ಲಕ್ಷ ರೂಪಾಯಿ ಪರಿಹಾರಕ್ಕೂ ಆದೇಶಿಸಿತು. ಅವರ ಪರ ನಿಲ್ಲುವವರು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

‘ತಪ್ಪು ಮಾಡಿದ್ದು ಖಚಿತವಾಗಿದ್ದರೂ?’ ಎಂದು ನೀವು ಕೇಳಬಹುದು. ಮುಂಬೈ ದಾಳಿಯ ಕಸಬ್‌ಗೂ ವಕೀಲರನ್ನು ಒದಗಿಸಲಾಗಿತ್ತು. ಸುಪ್ರೀಂ ಕೋರ್ಟಿನಲ್ಲಿ ಹಿರಿಯ ವಕೀಲ ರಾಜು ರಾಮಚಂದ್ರನ್ ಆತನ ಪರವಾಗಿ ವಾದಿಸಿದರು. 2012ರ ಆಗಸ್ಟ್‌ನಲ್ಲಿ ಶಿಕ್ಷೆ ಖಾಯಂ ಆಯಿತು. ಆರೋಪಿಯ ಮಾತನ್ನು ಪೂರ್ತಿ ಕೇಳಿ ಕೊಟ್ಟ ತೀರ್ಪಾದ್ದರಿಂದ ಅದು ಗಟ್ಟಿಯಾಗಿ ನಿಂತಿತು. ಬಂಧಿತನನ್ನು ಮೊದಲ ಸಲ ಮುಂದೆ ತಂದಾಗಲೇ, ನಿನಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ ಎಂದು ಮ್ಯಾಜಿಸ್ಟ್ರೇಟರು ತಿಳಿಸಬೇಕು ಎಂದೂ ಅದೇ ತೀರ್ಪಿನಲ್ಲಿದೆ.

ವಕೀಲರ ವೃತ್ತಿ ನಿಯಮಗಳೂ ಇದನ್ನೇ ಹೇಳುತ್ತವೆ. ಆರೋಪಿ ತಪ್ಪಿತಸ್ಥನೆಂದು ತನಗೆ ಅನಿಸಿದರೂ, ಸಾಕಷ್ಟು ಪುರಾವೆಯಿಲ್ಲದೆ ಯಾರಿಗೂ ಶಿಕ್ಷೆಯಾಗಬಾರದೆಂಬ ಕಾನೂನಿಗೆ ನಿಷ್ಠನಾಗಿ ವಕೀಲ ಅವನ ಪರ ನಿಲ್ಲಬೇಕು. ಆದರೆ ಸುಳ್ಳು ಸಾಕ್ಷಿ ಸೃಷ್ಟಿಸುವಂತಿಲ್ಲ, ಸಾಕ್ಷಿಗಳನ್ನು ಬೆದರಿಸುವಂತಿಲ್ಲ, ಕೋರ್ಟಿಗೆ ಸುಳ್ಳು ಹೇಳುವಂತಿಲ್ಲ. ಮಗಳಿಗೆ ನೀವು ಹೇಳಬೇಕಾದ ಬುದ್ಧಿಮಾತು ಇಲ್ಲಿದೆ: ಯಾರ ಪರ ನಿಂತೆ ಎಂಬುದಕ್ಕಿಂತ ಹೇಗೆ ನಿಂತೆ ಎಂಬುದೇ ಅವಳ ಧರ್ಮ.

ಓದುವಾಗಲೇ ಆಕೆ ಕಾನೂನು ಸೇವಾ ಪ್ರಾಧಿಕಾರದ ಕೆಲಸದಲ್ಲಿ ಕೈಜೋಡಿಸಲಿ, ಜಿಲ್ಲಾ ಕೋರ್ಟಿನಲ್ಲಿ ಕೂತು ರಿಮ್ಯಾಂಡ್ ಹೇಗೆ ನಡೆಯುತ್ತದೆಂದು ನೋಡಲಿ. ಒಂದು ದಿನ ನೀವೂ ಜೊತೆಗೆ ಹೋಗಿ. ಕಟಕಟೆಯಲ್ಲಿ ನಿಂತವರಲ್ಲಿ ಹೆಚ್ಚಿನವರು ಯಾರು, ಅವರಲ್ಲಿ ಎಷ್ಟು ಜನರಿಗೆ ತಮ್ಮ ಮೇಲಿನ ಆರೋಪ ಏನೆಂದು ಗೊತ್ತಿದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ನಿಮ್ಮ ಅಳುಕು ಉಳಿದರೆ ಮತ್ತೆ ಬರೆಯಿರಿ, ಮಾತನಾಡೋಣ.

(ಇಲ್ಲಿನ ಉತ್ತರಗಳು ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಪ್ರಕರಣದ ದಾಖಲೆಗಳನ್ನು ವಕೀಲರಿಗೆ ತೋರಿಸಿಯೇ ಮುಂದಿನ ಹೆಜ್ಜೆ ಇಡಿ. ವಕೀಲರನ್ನು ಇಟ್ಟುಕೊಳ್ಳಲು ಅನುಕೂಲವಿಲ್ಲದವರು ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.)